ತೊಳೆದ ಮನೆಯ ಇಲಿ

ನನ್ನ ಅಕ್ಕನ ಮನೆಯಲ್ಲಿ ನೆಲಕ್ಕೆ ಬಿದ್ದ ಬಿಸ್ಕತ್ತನ್ನು ಎತ್ತಿ ಬಾಯಿಗೆ ಹಾಕಿಕೊಳ್ಳಬಹುದು. ಹಾಕಿಕೊಳ್ಳಲು ಅವಳು ಬಿಡುವುದಿಲ್ಲ, ಅದು ಬೇರೆ ಮಾತು. ಬಿಸ್ಕತ್ತು ನೆಲ ಮುಟ್ಟುವುದರೊಳಗೆ ಒದ್ದೆ ಬಟ್ಟೆ ಹಿಡಿದು ಬಂದಿರುತ್ತಾಳೆ. ಅಂಥ ಮನೆಯನ್ನು ಕೊಳಕು ಎಂದರು. ಅದೂ ಬಾಗಿಲಲ್ಲಿ ನಿಂತು, ಮಕ್ಕಳ ಎದುರಿಗೆ, ಮೂಗಿಗೆ ಕರ್ಚೀಫು ಒತ್ತಿಕೊಂಡು. ಈಗ ನೆನೆದರೂ ನನಗೆ ಮೈ ಉರಿಯುತ್ತದೆ.

ನಾವಿರುವುದು ನಾಲ್ಕಂತಸ್ತಿನ ಹಳೆಯ ಕಟ್ಟಡದ ಕೆಳಗಿನ ಮನೆಯಲ್ಲಿ, ಬಾಡಿಗೆಗೆ. ನಾನು ಎರಡು ಬೀದಿ ಆಚೆಯ ಬೈಕ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಅಕ್ಕ ಮುಂದಿನ ಕೋಣೆಯಲ್ಲಿ, ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ನೋಡಿಕೊಳ್ಳುತ್ತಾಳೆ. ಇನ್ನೂ ಶಾಲೆ ಕಾಣದ ಮಕ್ಕಳು. ಕೆಲವಕ್ಕೆ ನಡೆಯಲು ಬರುತ್ತದೆ, ಕೆಲವಕ್ಕೆ ಓಡಲು ಮಾತ್ರ ಬರುತ್ತದೆ. ಭಾವ ಹೇಳದೆ ಕೇಳದೆ ಮನೆ ಬಿಟ್ಟು ಹೋದ ಮೇಲೆ ಅವಳು ತಾನೇ ಕಟ್ಟಿಕೊಂಡ ಬದುಕು ಅದು. ಆ ಕೋಣೆ ಹೋದರೆ ಅವಳ ಕೈಯಲ್ಲಿ ಬೇರೆ ಏನೂ ಇಲ್ಲ.

ಅವಳ ತೊಳೆಯುವ ಹುಚ್ಚು ನೋಡಿದವರಿಗೇ ಗೊತ್ತು. ಮಕ್ಕಳು ಬರುವ ಮುಂಚೆ ಒಮ್ಮೆ, ಊಟ ಮುಗಿದ ಮೇಲೆ ಒಮ್ಮೆ, ಸಂಜೆ ಎಲ್ಲರೂ ಹೋದ ಮೇಲೆ ಮತ್ತೊಮ್ಮೆ. ಬಕೆಟ್‌ಗಟ್ಟಲೆ ನೀರು ಸುರಿದು, ಫಿನಾಯಿಲು ಚೆಲ್ಲಿ, ರಬ್ಬರಿನ ವೈಪರಿನಿಂದ ನೀರನ್ನೆಲ್ಲ ಎಳೆದು ಗೋಡೆಯ ಬುಡದ ತೂತಿಗೆ ನೂಕುತ್ತಾಳೆ. ಆ ತೂತನ್ನು ಗಾರೆಯವನ ಕೈಲಿ ಅವಳೇ ಮಾಡಿಸಿದ್ದು. ಬಾಗಿಲ ತನಕ ನೀರು ಎಳೆಯುವುದು ಕಷ್ಟವೆಂದು, ಗೋಡೆಯ ಆಚೆಯ ಚರಂಡಿಗೆ ನೀರು ನೇರವಾಗಿ ಹೋಗಲೆಂದು. ಇಡೀ ಕಟ್ಟಡದಲ್ಲಿ ಇನ್ನಾರ ಮನೆಯಲ್ಲೂ ಅಂಥದ್ದೊಂದು ಇಲ್ಲ. ಅಷ್ಟು ನೀರು ಸುರಿಯುವವರೂ ಇಲ್ಲ.

ಅವತ್ತು ನಾನು ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದಿದ್ದೆ. ಮಕ್ಕಳು ಚಾಪೆಯ ಮೇಲೆ ಸಾಲಾಗಿ ನಿದ್ದೆ ಹೋಗಿದ್ದವು. ಇದೇ ಕಟ್ಟಡದ, ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸು ಅರ್ಧ ದಿನ ರಜೆ ಹಾಕಿ ಮಗಳನ್ನು ಕರೆದುಕೊಂಡು ಹೋಗಲು ಬಂದಳು. ಅವಳ ಮಗಳಿಗೆ ನಾನಿಟ್ಟ ಹೆಸರು ಅಳುಮುಂಜಿ. ಬಂದಾಗ ಅಳುತ್ತದೆ, ಹೋಗುವಾಗ ಅದಕ್ಕಿಂತ ಜೋರಾಗಿ ಅಳುತ್ತದೆ. ಆಕೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗಲೇ ಬೀರುವಿನ ಕೆಳಗಿನಿಂದ ಇಲಿ ಬಂತು. ಹೆಬ್ಬೆರಳಿನಷ್ಟು ಇಲಿ. ಓಡಲೂ ಇಲ್ಲ. ಚಾಪೆಯ ಅಂಚಿನಲ್ಲಿ ಕುಳಿತು, ಗುಂಡನೆಂಬ ಮಗುವಿನ ಕಾಲ ಹತ್ತಿರ, ಎರಡೂ ಕೈಯಿಂದ ಮುಖ ತೊಳೆದುಕೊಂಡಿತು.

ಆಕೆ ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು. ಮಗಳನ್ನು ನಿದ್ದೆಗಣ್ಣಲ್ಲೇ ಎತ್ತಿ ಹೆಗಲಿಗೆ ಹಾಕಿಕೊಂಡಳು.

"ಇಷ್ಟು ಕ್ಲೀನಾಗಿ ಕಾಣ್ಸುತ್ತೆ, ಒಳಗೆ ಹಿಂಗಾ," ಎಂದಳು. "ನಮ್ಮ ಮನೇಲಿ ಇಂಥದ್ದೆಲ್ಲಾ ಇಲ್ಲಮ್ಮ. ನಾಳೆಯಿಂದ ಮಗೂನ ಕಳಿಸಲ್ಲ."

ಮಾತಿಗೆ ಕಾಲಿರುತ್ತದೋ ರೆಕ್ಕೆ ಇರುತ್ತದೋ, ಮರುದಿನ ಸಂಜೆಯೊಳಗೆ ಅದು ನಾಲ್ಕೂ ಅಂತಸ್ತು ಹತ್ತಿ ಇಳಿದಿತ್ತು. ಇನ್ನೂ ಎರಡು ಮಕ್ಕಳು ಬರಲಿಲ್ಲ. ಒಬ್ಬಳು ಜ್ವರ ಎಂದಳು, ಇನ್ನೊಬ್ಬಳು ಅತ್ತೆ ಬಂದಿದ್ದಾರೆ ಎಂದಳು. ಅದರ ಹಿಂದೆಯೇ ಬಂದ ನಮ್ಮ ಕಟ್ಟಡದ ಸಂಘದ ಸೆಕ್ರೆಟರಿ, ನಾನು ಆಗಲೇ ಹೇಳಿದ ಕರ್ಚೀಫಿನೊಡನೆ.

ಸೆಕ್ರೆಟರಿ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದ ಮನುಷ್ಯ. ಈಗಲೂ ಯಾರನ್ನು ನೋಡಿದರೂ ಟಿಕೆಟ್ ಇಲ್ಲದೆ ಹತ್ತಿದವರನ್ನು ನೋಡುವಂತೆಯೇ ನೋಡುತ್ತಾನೆ.

"ನೋಡಮ್ಮಾ," ಎಂದ ಅಕ್ಕನಿಗೆ, "ಇಡೀ ಸರ್ವೀಸು ನಾನು ಜನರ ಮುಖ ನೋಡೇ ಕಳ್ಳರನ್ನ ಹಿಡಿದೋನು. ಮನೆ ಬಾಗಿಲು ನೋಡಿದ್ರೆ ಸಾಕು, ಒಳಗೆ ಹೆಂಗಿದೆ ಅಂತ ಹೇಳ್ತೀನಿ."

"ಒಳಗೇ ಬಂದು ನೋಡಿ ಸಾರ್," ಎಂದೆ ನಾನು.

"ನೋಡೋದೇನಿದೆ? ಇಲಿ ಇದೆ ಅಂದ್ರೆ ಕೊಳಕಿದೆ ಅಂತ ಅರ್ಥ. ಇವತ್ತು ಇಷ್ಟಿರುತ್ತೆ, ಬೆಳೆದು ಹೆಗ್ಗಣ ಆಗುತ್ತೆ. ಪಾಷಾಣ ಇಟ್ಬಿಡಿ. ತಿಂದು, ನೀರಡಿಕೆ ಆಗಿ, ಆಚೆ ಹೋಗಿ ಸಾಯ್ತವೆ."

"ನಮ್ಮ ಗ್ಯಾರೇಜಲ್ಲಿ ಇಟ್ಟಿದ್ವಿ ಸಾರ್. ಆಚೆ ಎಲ್ಲೂ ಹೋಗ್ಲಿಲ್ಲ. ಕಂಪ್ರೆಸರ್ ಹಿಂದೆ ಸತ್ತು ಬಿದ್ದು ಗಬ್ಬು ನಾತ. ಗಿರಾಕಿಗಳು ರೋಡಲ್ಲೇ ಗಾಡಿ ಬಿಟ್ಟು ಹೋಗ್ತಿದ್ರು."

ಅಕ್ಕ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದಳು. "ಕೈಗೆ ಸಿಕ್ಕಿದ್ದೆಲ್ಲಾ ಬಾಯಿಗೆ ಹಾಕ್ಕೊಳ್ಳೋ ಮಕ್ಕಳಿರೋ ಕೋಣೇಲಿ ಪಾಷಾಣ ಹೆಂಗೆ ಇಡ್ಲಿ ಸಾರ್?"

"ಅದನ್ನೇ ನಾನೂ ಹೇಳ್ತಿರೋದು. ಇಂಥ ಕೋಣೇಲಿ ಮಕ್ಕಳನ್ನ ಇಟ್ಕೋಬಾರದು. ಈ ಭಾನುವಾರ ಮೀಟಿಂಗಿದೆ. ಕೋಣೆ ಮುಚ್ಚಿಸೋ ವಿಷಯ ತಗೋತೀನಿ. ಎಲ್ಲರೂ ಕೈ ಎತ್ತಿದ್ರೆ ಮುಗೀತು."

ಅವನು ಮೆಟ್ಟಿಲು ಹತ್ತಿ ಹೋದ. ಸೊಂಟದಲ್ಲಿ ಕಟ್ಟಡದ ಬೀಗದ ಕೈಗಳ ಗೊಂಚಲು ಗಲಗಲ ಎನ್ನುತ್ತಿತ್ತು. ನನ್ನ ಪಿತ್ತ ನೆತ್ತಿಗೇರಿತ್ತು. ಹಿಂದೆಯೇ ಹೋಗಿ ನಾಲ್ಕು ಮಾತು ಕೇಳಿಬಿಡೋಣ ಎಂದು ಹೊರಟವನನ್ನು ಅಕ್ಕ ತಡೆದಳು. ತಡೆದು ಅವಳು ಮಾಡಿದ್ದೇನು? ಬಕೆಟ್ ತಂದು ಮತ್ತೆ ನೆಲ ತೊಳೆಯತೊಡಗಿದಳು.

"ಸಾಕು ಬಿಡಕ್ಕಾ. ಆ ಮನುಷ್ಯ ಒಳಗೇ ಬಂದಿಲ್ಲ. ಯಾರಿಗೆ ತೋರ್ಸೋಕೆ ಉಜ್ತಾ ಇದೀಯ?"

ಅವಳು ತಲೆ ಎತ್ತಲಿಲ್ಲ. "ಯಾರಿಗೂ ಅಲ್ಲ ಕಣೋ. ನಂಗೇ ಅನುಮಾನ ಬಂದ್ಬಿಟ್ಟಿದೆ. ನಾನು ನೋಡದೇ ಇರೋ ಕೊಳೆ ಎಲ್ಲೋ ಒಂದು ಮೂಲೇಲಿ ಇದೆಯೇನೋ ಅಂತ."

ಅಕ್ಕ ಅತ್ತಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಆ ಇಲಿಯನ್ನು ಹಿಡಿದು ಸೆಕ್ರೆಟರಿಯ ಬಾಗಿಲಿಗೆ ಒಯ್ಯದಿದ್ದರೆ ನಾನು ಇವಳ ತಮ್ಮನೇ ಅಲ್ಲ ಎಂದುಕೊಂಡೆ.

ಇಲಿಗೆ ಚೀಸ್ ಎಂದರೆ ಪ್ರಾಣ ಎಂದು ನಾನು ನಂಬಿದ್ದೆ. ಯಾರು ಹೇಳಿದ್ದೋ ನೆನಪಿಲ್ಲ. ಮಕ್ಕಳ ಕಾರ್ಟೂನಿನಲ್ಲಿ ನೋಡಿದ್ದಿರಬೇಕು. ಬೋನು ತಂದು, ಅಂಗಡಿಯಲ್ಲಿದ್ದ ಒಳ್ಳೆಯ ಚೀಸನ್ನೇ ತಂದು ಸಿಕ್ಕಿಸಿ, ಬೀರುವಿನ ಪಕ್ಕ ಇಟ್ಟೆ. ಬೆಳಿಗ್ಗೆ ನೋಡಿದರೆ ಚೀಸು ಒಣಗಿ ಚಪ್ಪಲಿಯ ತುಂಡಿನ ಹಾಗಾಗಿತ್ತು. ಇಲಿ ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ಪಕ್ಕದಲ್ಲಿದ್ದ ಬಟ್ಟೆಯ ಗೊಂಬೆಯ ಹೊಟ್ಟೆ ಬಗೆದು ಒಳಗಿನ ಹತ್ತಿಯನ್ನು ಎಳೆದುಕೊಂಡು ಹೋಗಿತ್ತು.

ಗ್ಯಾರೇಜಿನಲ್ಲಿ ಹೇಳಿದರೆ ಓನರ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಚೀಸ್ ತಿನ್ನೋಕೆ ಅದೇನು ನಿನ್ನ ಭಾವನಾ? ಕಡಲೆಕಾಯಿ ಬೀಜ ಅರೆದು ಮೆತ್ತೋ."

ಮೆತ್ತಿದೆ. ಸಿಕ್ಕಿತು. ಬೋನಿನ ಮೂಲೆಯಲ್ಲಿ ಮುದುಡಿ ಕುಳಿತ ಇಲಿಯನ್ನು ನೋಡಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಬೋನನ್ನು ತಲೆಯ ಮೇಲೆ ಎತ್ತಿ ಹಿಡಿದು, ಗೆದ್ದ ಕಪ್ಪಿನ ಹಾಗೆ, ನಾಲ್ಕೂ ಅಂತಸ್ತು ಹತ್ತಿದೆ. ಸೆಕ್ರೆಟರಿಯ ಬಾಗಿಲು ತಟ್ಟಿ ತೋರಿಸಿದೆ. "ನೋಡಿ ಸಾರ್, ಇದ್ದದ್ದು ಇದೊಂದೇ. ಹಿಡಿದಾಯ್ತು." ಅವನು ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ತಲೆಯಾಡಿಸಿದ. ಬೀದಿಯ ಕೊನೆಯ ಖಾಲಿ ಸೈಟಿನಲ್ಲಿ ಇಲಿಯನ್ನು ಬಿಟ್ಟು ಬಂದು, ಅಕ್ಕನಿಗೆ ಐಸ್‌ಕ್ರೀಮ್ ತಂದುಕೊಟ್ಟೆ. ಅವಳು ಎಷ್ಟೋ ದಿನದ ಮೇಲೆ ನಕ್ಕಳು.

ಆ ಐಸ್‌ಕ್ರೀಮಿನ ಕಡ್ಡಿ ಕಸದ ಬುಟ್ಟಿ ಸೇರಿದ ಮಧ್ಯಾಹ್ನವೇ ಇನ್ನೊಂದು ಇಲಿ ಅದೇ ಬೀರುವಿನ ಕೆಳಗಿನಿಂದ ಬಂದು, ಅದೇ ಚಾಪೆಯ ಅಂಚಿನಲ್ಲಿ ಕುಳಿತು, ಮುಖ ತೊಳೆದುಕೊಂಡಿತು. ಇದು ಬೇರೆಯದೇ, ಇದರ ಒಂದು ಕಿವಿ ಹರಿದಿತ್ತು. ಒಂದೇ ಇಲಿ ಎಂದುಕೊಂಡು ನಾನು ಮೆರವಣಿಗೆ ಮಾಡಿದ್ದೆ.

ಆಮೇಲೆ ಬೇಕರಿಯವನ ಬೆಕ್ಕನ್ನು ತಂದೆ. ಆ ಬೆಕ್ಕಿಗೆ ಬೀದಿಯವರೆಲ್ಲ ದೊರೆ ಎನ್ನುತ್ತಾರೆ. ಅದರ ಮೈ, ಮೀಸೆ, ನಡಿಗೆ ಎಲ್ಲವೂ ಹಾಗೆಯೇ. ಬೆಕ್ಕಿನ ವಾಸನೆ ಬಂದರೆ ಸಾಕು, ಇಲಿಗಳು ಊರು ಬಿಡುತ್ತವೆ ಎಂದು ಬೇಕರಿಯವನು ಮೀಸೆ ಮುಟ್ಟಿ ಹೇಳಿದ್ದ. ಅವನ ಮೀಸೆಯಲ್ಲ, ಬೆಕ್ಕಿನ ಮೀಸೆ. ದೊರೆ ಬಂದು, ಕೋಣೆಯನ್ನೊಮ್ಮೆ ನೋಡಿ, ಗುಂಡನ ದಿಂಬಿನ ಅರ್ಧ ಭಾಗ ಆಕ್ರಮಿಸಿ ಮಲಗಿತು. ಗುಂಡ ಅದರ ಬಾಲವನ್ನು ಹಿಡಿದು ಮಲಗಿದ. ಹರಿದ ಕಿವಿಯ ಇಲಿ ಅವರಿಬ್ಬರ ಕಾಲ ಬಳಿಯೇ ಹಾದು, ಗೊಂಬೆಯ ಉಳಿದ ಹತ್ತಿಯನ್ನೂ ಒಯ್ದಿತು. ದೊರೆ ಒಂದು ಕಣ್ಣು ತೆರೆದು ನೋಡಿ ಮುಚ್ಚಿಕೊಂಡಿತು. ಬೇಕರಿಯಲ್ಲಿ ದಿನವೂ ಕೆನೆ ತಿನ್ನುವವನಿಗೆ ಈ ಓಟವೆಲ್ಲ ಯಾತಕ್ಕೆ?

ಶುಕ್ರವಾರ ಸಂಜೆ ಹೊತ್ತಿಗೆ ಕೋಣೆಯಲ್ಲಿ ಉಳಿದದ್ದು ಗುಂಡ ಒಬ್ಬನೇ. ಅವನ ತಾಯಿ ಮೂರನೇ ಅಂತಸ್ತಿನ ನರ್ಸಮ್ಮ. ಮಗನನ್ನು ಎತ್ತಿಕೊಳ್ಳುವಾಗ ಅವಳು ಅಕ್ಕನ ಮುಖ ನೋಡಲಿಲ್ಲ. "ಭಾನುವಾರ ಏನಾಗುತ್ತೋ ನೋಡ್ಕೊಂಡು ಹೇಳ್ತೀನಿ ಕಣೇ," ಎಂದಳು. ಅಷ್ಟೇ. ಅವಳು ಹೋದ ಮೇಲೆ ನನಗೆ ಏನಾಯಿತೋ, ಕೈಗೆ ಸಿಕ್ಕಿದ್ದನ್ನು ಗೋಡೆಗೆ ಬೀಸಿದೆ. ಸಿಕ್ಕಿದ್ದು ಮಕ್ಕಳ ಪೌಡರಿನ ದೊಡ್ಡ ಡಬ್ಬಿ. ಮುಚ್ಚಳ ಹಾರಿತು, ಪೌಡರು ಮಂಜಿನ ಹಾಗೆ ಎದ್ದು ಇಡೀ ನೆಲಕ್ಕೆ ಇಳಿಯಿತು. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. ನಾನು ಬೈಗುಳಕ್ಕೆ ಕಾದೆ.

"ನಂಗೆ ಇವತ್ತು ತೊಳೆಯೋಕೆ ಆಗಲ್ಲಪ್ಪ," ಎಂದಳು. ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ಅಕ್ಕ ನೆಲ ತೊಳೆಯದೆ ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬೆಳಿಗ್ಗೆ ನಾನೇ ಗುಡಿಸೋಣವೆಂದು ಪೊರಕೆ ಹಿಡಿದು ಬಂದವನು ಬಾಗಿಲಲ್ಲೇ ನಿಂತೆ. ಬಿಳಿಯ ನೆಲದ ಮೇಲೆ ಸಣ್ಣ ಸಣ್ಣ ಹೆಜ್ಜೆಗಳು. ಹೊಲಿಗೆ ಮಷೀನು ಓಡಿಸಿದಷ್ಟು ಸಾಲಾಗಿ, ನಡುವೆ ಬಾಲ ಎಳೆದ ಗೆರೆ. ಬೀರುವಿನ ಕೆಳಗೆ ಗೂಡೇನೂ ಇರಲಿಲ್ಲ. ಹೆಜ್ಜೆಗಳು ಅದರಡಿಯಲ್ಲಿ ಹಾದು ಗೋಡೆಯ ಗುಂಟ ಸಾಗಿ ಒಂದೇ ಕಡೆ ಸೇರುತ್ತಿದ್ದವು. ಹೋಗುವ ಹೆಜ್ಜೆಯೂ ಅಲ್ಲಿಗೇ, ಬರುವ ಹೆಜ್ಜೆಯೂ ಅಲ್ಲಿಂದಲೇ. ಗೋಡೆಯ ಬುಡದ, ಅಕ್ಕ ನೀರು ನೂಕುವ ತೂತಿಗೆ.

ನಾನು ನಂಬಲಿಲ್ಲ. ಬೆರಳು ಹಾಕಿ ನೋಡಿದೆ. ಕಿರುಬೆರಳು ಸಲೀಸಾಗಿ ಹೋಯಿತು, ಹೆಬ್ಬೆರಳು ಒಳಗೆ ಹೋಗಲೇ ಇಲ್ಲ. ಇಷ್ಟರಲ್ಲಿ ಇಲಿ ಬರುವುದೆಂದರೇನು? ಗ್ಯಾರೇಜಿಗೆ ಹೋಗಲಿಲ್ಲ. ಚಾಪೆ ಹಾಸಿ, ಅದರ ಮೇಲೆ ಮಲಗಿ, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಆ ತೂತನ್ನೇ ನೋಡಿದೆ. ಮಕ್ಕಳಿಲ್ಲದ ಕೋಣೆ ಗವ್ವೆನ್ನುತ್ತಿತ್ತು. ಬಿಸಿಲು ಏರಿದಾಗ ಮೊದಲು ಮೀಸೆ ಬಂತು. ಆಮೇಲೆ ಮೂಗು. ತಲೆಯನ್ನು ಅತ್ತಿತ್ತ ತಿರುಗಿಸಿ ತೂರಿಸಿತು. ತಲೆ ಬಂದದ್ದೇ ತಡ, ಮೈ ಅಷ್ಟೂ ಹಿಟ್ಟಿನ ಹಾಗೆ ಉದ್ದವಾಗಿ, ಚಪ್ಪಟೆಯಾಗಿ ಈಚೆಗೆ ಜಾರಿ, ಮತ್ತೆ ಉಬ್ಬಿ ಇಲಿಯಾಯಿತು.

"ಅಕ್ಕಾ," ಎಂದು ಮೆಲ್ಲಗೆ ಕರೆದೆ.

ಅವಳೂ ನೋಡಿದಳು. ಇನ್ನೊಂದು ಬಂದದ್ದನ್ನೂ ನೋಡಿದಳು.

"ಇಲಿಗೆ ಮೂಳೆನೇ ಇರಲ್ಲವಂತೆ, ಅದಕ್ಕೇ," ಎಂದೆ. ಅದನ್ನೂ ಯಾರೋ ಹೇಳಿದ್ದರು.

"ಮೂಳೆ ಇಲ್ದೆ ನಿಂತ್ಕೊಳ್ಳೋಕೆ ಆಗುತ್ತೇನೋ ದಡ್ಡ. ತಲೆ ತೂರಿದ್ರೆ ಮೈ ತೂರಿಸುತ್ತೆ, ಅಷ್ಟೇ." ಗುಂಡನ ಅಂಗಿ ಬಿಚ್ಚುವಾಗ ಹೇಗೋ ಹಾಗೆ ಎಂದು ಕೈಯಲ್ಲಿ ತೋರಿಸಿದಳು. ತೋರಿಸುತ್ತಿದ್ದ ಕೈ ಅರ್ಧಕ್ಕೇ ನಿಂತಿತು. "ಅಂದ್ರೆ ನಾನು ತೊಳೀತೀನಿ ಅಂತ ಮಾಡಿಸಿದ ತೂತು. ನಾನು ಕೊಳಕು ಅಂತಲ್ಲ. ನಾನು ತೊಳೀತೀನಿ ಅಂತ ಬಂದವು."

ಅವಳು ಪೌಡರಿನ ಮೇಲೆಯೇ ಕುಳಿತು ನಗತೊಡಗಿದಳು. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ಕೆನ್ನೆಗೆಲ್ಲ ಪೌಡರು ಮೆತ್ತಿತು.

ಗೋಡೆಯ ಆಚೆ ಹೋಗಿ ನೋಡಿದೆವು. ತೂತು ತೆರೆಯುವುದು ಓಣಿಯ ಚರಂಡಿಗೆ. ಚರಂಡಿಯ ಗುಂಟ ಇಲಿಯ ಹಿಕ್ಕೆಗಳು ಎಳ್ಳು ಚೆಲ್ಲಿದ ಹಾಗೆ ಬಿದ್ದಿದ್ದವು. ಅವು ಹೋಗಿ ನಿಂತದ್ದು ಮೆಟ್ಟಿಲ ಕೆಳಗಿನ ಉಗ್ರಾಣದ ಬಾಗಿಲಿಗೆ. ಅದು ಸಂಘದ ಉಗ್ರಾಣ. ಬೀಗದ ಕೈ ಸೆಕ್ರೆಟರಿಯ ಸೊಂಟದಲ್ಲಿ. ಉಗ್ರಾಣದ ಪಕ್ಕದಲ್ಲೇ ನಾಲ್ಕೂ ಅಂತಸ್ತಿಗೆ ನೀರಿನ ಪೈಪುಗಳು ಹತ್ತಿಹೋಗುವ ಕಿರಿದಾದ ಸಂದು. ಪೈಪಿನ ಮೇಲೂ, ತಲೆ ಎತ್ತಿ ನೋಡಿದಷ್ಟು ದೂರಕ್ಕೆ, ಸಣ್ಣ ಕಾಲುಗಳು ತಿಕ್ಕಿ ತಿಕ್ಕಿ ಕಪ್ಪಾದ ದಾರಿ.

"ಬೀಗ ಒಡೀತೀನಿ," ಎಂದೆ. "ಗ್ಯಾರೇಜಿಂದ ಸುತ್ತಿಗೆ ತರ್ತೀನಿ."

"ನೀನು ಮೊದಲು ನಮ್ಮ ಮನೆ ತೂತಿಗೆ ಏನಾದ್ರೂ ಮಾಡು. ನೀರು ಹೋಗ್ಬೇಕು, ಇಲಿ ಬರಬಾರದು. ಉಳಿದಿದ್ದು ನಾಳೆ ನಾನು ನೋಡ್ಕೋತೀನಿ."

ಗ್ಯಾರೇಜಿನಲ್ಲಿ ಹಳೆಯ ಏರ್ ಫಿಲ್ಟರಿನ ಸಣ್ಣ ಕಣ್ಣಿನ ಉಕ್ಕಿನ ಜಾಲರಿ ಬಿದ್ದಿತ್ತು. ಅದನ್ನು ಕತ್ತರಿಸಿ, ತಗಡಿನ ಬಳೆಗೆ ಬೆಸುಗೆ ಹಾಕಿ, ತೂತಿಗೆ ಕೂರಿಸಿ ಸುತ್ತ ಸಿಮೆಂಟು ಬಳಿದೆ. ಆ ರಾತ್ರಿ ಪೌಡರನ್ನು ಬೇಕೆಂದೇ ಚೆಲ್ಲಿದೆವು. ಬೆಳಿಗ್ಗೆ ಅದು ನಾವು ಚೆಲ್ಲಿದ ಹಾಗೆಯೇ ಇತ್ತು. ಒಂದು ಗೀರಿಲ್ಲ.

ಭಾನುವಾರ ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಮೀಟಿಂಗ್ ಸೇರಿತು. ಎಲ್ಲ ಮನೆಯವರೂ ಬಂದಿದ್ದರು. ನೀರಿನ ವಿಷಯಕ್ಕೆ ಕರೆದರೆ ಒಬ್ಬರೂ ಬಾರದವರು ಇನ್ನೊಬ್ಬರ ಮನೆಯ ಕೊಳಕಿಗೆ ಒಂದು ಗಂಟೆ ಮೊದಲೇ ಬಂದು ಮುಂದಿನ ಸಾಲು ಹಿಡಿದಿದ್ದರು. ಬಟ್ಟೆ ಅಂಗಡಿಯಾಕೆ ಕಂಬಕ್ಕೆ ಒರಗಿ ನಿಂತಿದ್ದಳು. ಬೀದಿ ತಿರುವಿನ ಎಲೆಕ್ಟ್ರಿಕ್ ಅಂಗಡಿಯವನೂ ಇದ್ದ. ಅವನದು ಎರಡನೇ ಅಂತಸ್ತು. ಸೆಕ್ರೆಟರಿಯ ಹೆಂಡತಿ ಪೇಪರಿನಿಂದ ಗಾಳಿ ಬೀಸಿಕೊಳ್ಳುತ್ತ ಕೂತಿದ್ದಳು.

"ವಿಷಯ ಎಲ್ಲರಿಗೂ ಗೊತ್ತಿರೋದೇ," ಎಂದು ಸೆಕ್ರೆಟರಿ ಶುರುಮಾಡಿದ. "ಕೆಳಗಿನ ಮನೇಲಿ ಇಲಿ. ಬಿಟ್ರೆ ಇಡೀ ಬಿಲ್ಡಿಂಗಿಗೆ ಹರಡುತ್ತೆ. ಅಲ್ಲಿ ಮಕ್ಕಳನ್ನ ಇಟ್ಕೊಳ್ಳೋದು ನಿಲ್ಲಬೇಕು ಅನ್ನೋರು ಕೈ ಎತ್ತಿ."

ನಾನು ಎದ್ದೆ. ಬಾಯಲ್ಲಿ ಬಂದಿದ್ದ ಮಾತುಗಳು ಇಲ್ಲಿ ಬರೆಯುವಂಥವಲ್ಲ. ಆದರೆ ಅಕ್ಕ ನನಗಿಂತ ಮೊದಲೇ ಎದ್ದು ನಿಂತಿದ್ದಳು. ಕೂತ್ಕೋ ಎನ್ನುವಂತೆ ನನ್ನ ಭುಜ ಅದುಮಿದಳು.

"ನಮ್ಮನೇಲಿ ಇಲಿ ಇತ್ತು," ಎಂದಳು. "ಈಗ ಇಲ್ಲ. ಎಲ್ಲಿಂದ ಬರ್ತಿತ್ತು ನೋಡಿದ್ವಿ, ಮುಚ್ಚಿದ್ವಿ. ಕೈ ಎತ್ತೋ ಮುಂಚೆ ಒಂದೇ ಒಂದು ಕೇಳ್ತೀನಿ. ನಿಮ್ಮ ನಿಮ್ಮ ಮಕ್ಕಳ ಮೇಲೆ ಆಣೆ ಇಟ್ಟು ಹೇಳಿ. ನಿಮ್ಮ ಮನೇಲಿ ಇಲಿ ಇಲ್ವಾ?"

ಒಬ್ಬ ತನ್ನ ಉಗುರು ನೋಡಿಕೊಂಡ. ಬಟ್ಟೆ ಅಂಗಡಿಯಾಕೆ ಕಂಬದ ಹಿಂದಕ್ಕೆ ಸರಿದಳು.

"ನೋಡಿದ್ಯಾ," ಎಂದ ಸೆಕ್ರೆಟರಿ. "ಇನ್ಯಾರ ಮನೇಲೂ ಇಲ್ಲ. ನಮ್ಮ ಮನೇನೇ ತಗೋ. ಒಂದು ಇರುವೆ ಬರಲ್ಲ."

ಪೇಪರು ಬೀಸುವುದು ನಿಂತಿತು.

"ಯಾಕ್ರೀ ಸುಳ್ಳು ಹೇಳ್ತೀರಿ," ಎಂದಳು ಅವನ ಹೆಂಡತಿ, ಉಪ್ಪು ಖಾಲಿಯಾಗಿದೆ ಎನ್ನುವಷ್ಟು ಸಹಜವಾಗಿ. "ಮೊನ್ನೆ ನಿಮ್ಮ ಕಾಲುಚೀಲದೊಳಗಿಂದ ಎದ್ದು ಓಡಿದ್ದೇನು, ಮೊಲಾನಾ? ಮಂಚ ಹತ್ತಿ ನಿಂತು ನನ್ನ ಕೂಗಿದ್ದು ಯಾರು?"

ಹಿಂದಿನ ಸಾಲಿನಲ್ಲಿ ಯಾರೋ ಮೂಗಿನಲ್ಲಿ ನಕ್ಕರು, ಅಷ್ಟೇ, ಕಟ್ಟೆ ಒಡೆಯಿತು.

"ನಮ್ಮನೇಲೂ ಇದೆ," ಎಂದಳು ನರ್ಸಮ್ಮ, ಎದ್ದು ನಿಂತು. "ಡ್ಯೂಟಿ ಮುಗಿಸಿ ಬಂದು ದಿನಾ ಡೆಟಾಲ್ ಹಾಕಿ ಒರೆಸ್ತೀನಿ. ಆದ್ರೂ ಇದೆ. ಹೇಳ್ಕೊಳ್ಳೋಕೆ ನಾಚಿಕೆ. ನರ್ಸ್ ಮನೇಲಿ ಇಲಿ ಅಂದ್ರೆ ಆಸ್ಪತ್ರೇಲಿ ನನ್ನ ಕೈ ಯಾರು ಮುಟ್ಟಿಸ್ಕೋತಾರೆ? ತಪ್ಪಾಯ್ತು ಕಣೇ," ಎಂದು ಅಕ್ಕನ ಕಡೆ ತಿರುಗಿದಳು.

"ಮೂರನೇ ಅಂತಸ್ತಿಗೂ ಹತ್ತುತ್ವಾ?" ಎಂದ ಒಬ್ಬ.

"ನಾಲ್ಕನೇದಕ್ಕೂ ಹತ್ತುತ್ತವೆ," ಎಂದಿತು ಇನ್ನೊಂದು ದನಿ. "ನಮ್ಮ ಪಾತ್ರೆ ಸ್ಟ್ಯಾಂಡಲ್ಲಿ ಸಂಸಾರ ಮಾಡ್ತಿವೆ."

"ನಾನು ಕುಂಯ್ ಅನ್ನೋ ಮಷೀನ್ ಹಾಕಿದೀನಿ. ಇಲಿಗೆ ಮಾತ್ರ ಕೇಳ್ಸುತ್ತಂತೆ, ಓಡಿ ಹೋಗುತ್ತಂತೆ. ಹೋಗೋದಿರ್ಲಿ, ಅದು ಬೆಚ್ಚಗಿರುತ್ತೆ ಅಂತ ಅದರ ಹಿಂದೇನೇ ಮಲಗುತ್ತೆ," ಎಂದ ಮುಂದಿನ ಸಾಲಿನವನೊಬ್ಬ.

ಎಲೆಕ್ಟ್ರಿಕ್ ಅಂಗಡಿಯವನು ತಲೆ ತಗ್ಗಿಸಿದ. ಎಲ್ಲರೂ ಅವನನ್ನೇ ನೋಡತೊಡಗಿದಾಗ ಕೈ ಮುಗಿದ. "ನಾನು ಬಾಯಿ ಬಿಟ್ರೆ ವ್ಯಾಪಾರ ಹೋಗುತ್ತೆ ಅಂತ ಸುಮ್ನಿದ್ದೆ. ಈ ಬಿಲ್ಡಿಂಗಲ್ಲಿ ಆ ಮಷೀನ್ ತಗೊಳ್ಳದೇ ಇರೋರು ಈ ಅಕ್ಕ-ತಮ್ಮ ಇಬ್ಬರೇ. ಉಳಿದೋರೆಲ್ಲಾ ತಗೊಂಡಿದೀರಿ. ಎಲ್ಲರೂ ಹೇಳಿದ್ದು ಒಂದೇ: ನಮಗಲ್ಲ, ನಮ್ಮ ಅತ್ತೆ ಮನೆಗೆ."

ಆಗ ಎದ್ದ ನಗು ಬೀದಿಯವರೆಗೆ ಕೇಳಿಸಿರಬೇಕು. ಬೇಕರಿಯವನು ಗೇಟಿನ ಬಳಿ ಬಂದು ಇಣುಕಿದ. ಬಟ್ಟೆ ಅಂಗಡಿಯಾಕೆ ಒಬ್ಬಳೇ ನಗಲಿಲ್ಲ. ಕಂಬದ ಹಿಂದಿನಿಂದ, ಯಾರಿಗೂ ಅಲ್ಲ ಎನ್ನುವಂತೆ, "ನಾನು ಎರಡು ತಗೊಂಡಿದ್ದೆ," ಎಂದಳು.

ಅಕ್ಕ ಎಲ್ಲ ತಣ್ಣಗಾಗುವವರೆಗೆ ಕಾದಳು. "ಹಂಗಾದ್ರೆ ನಮ್ಮಲ್ಲಿ ಯಾರೂ ಕೊಳಕರಲ್ಲ," ಎಂದಳು. "ಅಥವಾ ಎಲ್ಲರೂ ಕೊಳಕರು. ಯಾವುದು ಬೇಕೋ ಆರಿಸ್ಕೊಳ್ಳಿ. ಸಾರ್, ಆ ಉಗ್ರಾಣದ ಬೀಗ ತೆಗೀರಿ."

ಸೆಕ್ರೆಟರಿ ಹೆಂಡತಿಯ ಮುಖ ನೋಡಿದ. "ತೆಗೀರಿ," ಎಂದಳು ಆಕೆಯೂ. ಸೊಂಟದ ಗೊಂಚಲು ಬಿಚ್ಚಿದ.

ಮೀಟಿಂಗಿನ ಕುರ್ಚಿಗಳನ್ನು ಉಗ್ರಾಣದ ಮುಂಭಾಗದಲ್ಲಿ ಪೇರಿಸಿಟ್ಟು ತೆಗೆಯುತ್ತಿದ್ದರೇ ಹೊರತು ಅವುಗಳ ಹಿಂದೆ ಏನಿದೆಯೆಂದು ವರ್ಷಗಳಿಂದ ಯಾರೂ ನೋಡಿರಲಿಲ್ಲ. ಸುತ್ತಿಟ್ಟ ಜಮಖಾನ, ಹಳೆಯ ಪರದೆ, ಹೊಟ್ಟೆ ಒಡೆದ ಹಾಸಿಗೆ. ನಾನೂ ಎಲೆಕ್ಟ್ರಿಕ್ ಅಂಗಡಿಯವನೂ ಜಮಖಾನದ ಎರಡು ತುದಿ ಹಿಡಿದು ಹೊರಕ್ಕೆ ಎಳೆದೆವು. ಬಿಚ್ಚಿಕೊಂಡಿತು. ಅದರೊಳಗಿಂದ ಇಲಿಗಳು ಹೊಳೆಯ ಹಾಗೆ ಹರಿದವು. ಪೇಪರಿನ ಚೂರು, ಪರದೆಯ ದಾರ, ನಮ್ಮ ಗೊಂಬೆಯ ಗುಲಾಬಿ ಹತ್ತಿ, ಯಾರದೋ ಮನೆಯ ಮಫ್ಲರಿನ ಅರ್ಧ. ಸಂಘದ ಸದಸ್ಯರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಕುರ್ಚಿ ಹತ್ತಿದರು. ಸೆಕ್ರೆಟರಿ ಸ್ಕೂಟರ್ ಹತ್ತಿ ನಿಂತ. ಇಲಿಗಳು ಗೇಟಿನ ಕಡೆ ಓಡಿದವು. ಗೇಟಿನ ಬಳಿ ಕೂತಿದ್ದ ದೊರೆ ಒಮ್ಮೆ ಆಕಳಿಸಿ, ಅವಕ್ಕೆ ದಾರಿ ಬಿಟ್ಟು ಪಕ್ಕಕ್ಕೆ ಸರಿಯಿತು.

ನೆಲದ ಮೇಲೆ ನಿಂತಿದ್ದವಳು ಅಕ್ಕ ಒಬ್ಬಳೇ. ಕಾಲ ಬಳಿ ಇಲಿಗಳು ಹರಿಯುತ್ತಿದ್ದರೂ ಕದಲದೆ, ಸೊಂಟದ ಮೇಲೆ ಕೈ ಇಟ್ಟು, ಕುರ್ಚಿಗಳ ಮೇಲೆ ನಿಂತ ತನ್ನ ನ್ಯಾಯಾಧೀಶರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು.

"ಈಗ ಕೈ ಎತ್ತಿ," ಎಂದಳು. "ಮಕ್ಕಳ ಕೋಣೆ ಇರಬೇಕು ಅನ್ನೋರು."

ಕುರ್ಚಿ ಮೇಲೆ ನಿಂತು ಕೈ ಎತ್ತುವುದು ಸುಲಭವಲ್ಲ. ಕುರ್ಚಿಯ ಬೆನ್ನನ್ನು ಬಿಡಬೇಕಾಗುತ್ತದೆ. ಬಿಟ್ಟರು. ಎಲ್ಲ ಕೈಗಳೂ ಮೇಲಿದ್ದವು. ಸ್ಕೂಟರಿನ ಮೇಲಿದ್ದ ಕೈ ಕೊನೆಯದು, ಆದರೆ ಅದೂ ಎದ್ದಿತು.

ಅವತ್ತು ಸಂಜೆಯವರೆಗೆ ಇಡೀ ಕಟ್ಟಡ ನನ್ನ ಮಾತು ಕೇಳಿತು. ನನ್ನ ಜೀವಮಾನದಲ್ಲಿ ಇಷ್ಟು ಜನ ನನ್ನ ಮಾತು ಕೇಳಿದ್ದಿಲ್ಲ. ಪೈಪು ಗೋಡೆಗೆ ನುಗ್ಗುವ ಕಡೆಯೆಲ್ಲ ಪಾತ್ರೆ ಉಜ್ಜುವ ತಂತಿಯ ಸ್ಕ್ರಬ್ಬರನ್ನು ಒತ್ತಿ ತುರುಕಿ, ಮೇಲೆ ಸಿಮೆಂಟು ಬಳಿದೆವು. ಬಟ್ಟೆ, ಮರ, ರಬ್ಬರು ಇಲಿಯ ಹಲ್ಲಿಗೆ ತಾಳುವುದಿಲ್ಲ. ಉಗ್ರಾಣದ ಹಾಸಿಗೆಯನ್ನು ಸುಟ್ಟೆವು, ಬಾಗಿಲಿನ ಬುಡಕ್ಕೆ ತಗಡು ಹೊಡೆದೆವು. ಉಳಿದ ಒಂದೆರಡಕ್ಕೆ ಬೋನು ಇಟ್ಟು ಕಡಲೆಕಾಯಿ ಬೀಜ ಮೆತ್ತಿದೆವು. ನರ್ಸಮ್ಮ ಆಸ್ಪತ್ರೆಯ ಗವಸು ತಂದು ಹಂಚಿ, ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬೇಡಿ, ಔಷಧಿ ನೀರು ಹಾಕಿ ನೆನೆಸಿ ಒರೆಸಿ ಎಂದು ಎಲ್ಲರಿಗೂ ಗದರಿದಳು. ಸೆಕ್ರೆಟರಿ ಬ್ಯಾಟರಿ ಹಿಡಿದು ಮನೆಮನೆಯ ಸಿಂಕಿನ ಕೆಳಗೆ ಮಂಡಿಯೂರಿ ತಪಾಸಣೆ ನಡೆಸಿದ. ತನ್ನ ಪೆನ್ಸಿಲನ್ನು ಪ್ರತಿ ಸಂದಿಗೂ ಚುಚ್ಚಿ ನೋಡುತ್ತಿದ್ದ. ಪೆನ್ಸಿಲು ಒಳಗೆ ಹೋದರೆ, "ಇಲ್ಲೊಬ್ಬ ಟಿಕೆಟ್ ಇಲ್ದೆ ಹತ್ತೋನಿದಾನೆ," ಎಂದು ನನ್ನನ್ನು ಕೂಗುತ್ತಿದ್ದ. ಅವನಿಗೆ ಕ್ಷಮೆ ಕೇಳಲು ಬರುವುದಿಲ್ಲವೆಂದು ನನಗೆ ಆಗ ಅರ್ಥವಾಯಿತು. ಅವನು ಮಾಡುತ್ತಿದ್ದದ್ದು ಅದನ್ನೇ, ಮಂಡಿಯೂರಿ.

ಸೋಮವಾರ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಚಪ್ಪಲಿ ಇಡಲು ಜಾಗವಿರಲಿಲ್ಲ. ಜ್ವರದ ಮಗುವಿನ ಜ್ವರ ಬಿಟ್ಟಿತ್ತು, ಬಂದಿದ್ದ ಅತ್ತೆ ಹೋಗಿದ್ದಳು. ನಾಲ್ಕನೇ ಅಂತಸ್ತಿನಿಂದ ಅವಳಿ ಮಕ್ಕಳು ಹೊಸದಾಗಿ ಬಂದಿದ್ದವು. ಎಲ್ಲರೂ ಒಳಗೆ ಹೋದ ಮೇಲೆ ಓಣಿಯಲ್ಲಿ ಉಳಿದವಳು ಬಟ್ಟೆ ಅಂಗಡಿಯಾಕೆ. ಅಳುಮುಂಜಿಯ ಕೈ ಹಿಡಿದು, ಹತ್ತಿರ ಬರಲೂ ಆಗದೆ, ಹಿಂದೆ ಹೋಗಲೂ ಆಗದೆ ನಿಂತಿದ್ದಳು.

ನಾನು ಬಾಗಿಲಿಗೆ ಅಡ್ಡ ನಿಂತೆ. "ನಿಮ್ಮ ಮನೇಲಿ ಇಂಥದ್ದೆಲ್ಲಾ ಇಲ್ಲ ಅಂದಿದ್ರಿ?"

"ಪಕ್ಕಕ್ಕೆ ಬಾರೋ," ಎಂದಳು ಅಕ್ಕ ಹಿಂದಿನಿಂದ. "ಮಗು ಒಳಗೆ ಬರ್ಲಿ. ನಿನ್ನ ಕೋಪ ಬೇಕಾದ್ರೆ ಆಚೆ ನಿಂತ್ಕೊಳ್ಳಲಿ."

ಪಕ್ಕಕ್ಕೆ ಸರಿದೆ. ಅಕ್ಕ ಎರಡೂ ಕೈ ಚಾಚಿದಳು. ಅಳುಮುಂಜಿ ಅಮ್ಮನ ಕೈ ಕೊಸರಿಕೊಂಡು ಓಡಿತು, ಅಳಲಿಲ್ಲ. ತಾಯಿಯೇ ಕಣ್ಣು ಒರೆಸಿಕೊಂಡು ಕೆಲಸಕ್ಕೆ ಹೋದಳು. ಅಕ್ಕನಿಗೆ ಆಕೆಯಿಂದ ಒಂದು ಮಾತೂ ಬೇಕಿರಲಿಲ್ಲ. ನನಗೆ ಬೇಕಿತ್ತು, ಈಗಲೂ ಬೇಕು. ಆದರೆ ಒಳಗಿನ ಗಲಾಟೆಯಲ್ಲಿ ಅದು ಯಾರಿಗೆ ಕೇಳಿಸೀತು?

ಗ್ಯಾರೇಜಿಗೆ ಹೋಗುವಾಗ ಬಿಸಿಲೇರಿತ್ತು. ಓನರ್ ಎಲ್ಲರ ಮುಂದೆಯೂ ವಾಚಾಮಗೋಚರವಾಗಿ ಬೈದ. ನಾನು ಸ್ಪ್ಯಾನರ್ ಎತ್ತಿಕೊಂಡು ಹಲ್ಲು ಕಿರಿದೆ. ಬೈಗುಳ ಅಷ್ಟು ಹಿತವಾಗಿ ನನಗೆ ಎಂದೂ ಕೇಳಿಸಿರಲಿಲ್ಲ.